ಡಾಂಗಲ್ ಡಬ್ಬಿ ಮೇಲೆ ಇದೊಂದು ಸಾಲು ಬರೆಯಬಾರದಾ?

ಮನೆಯ ಬಲ್ಬು, ಸೆನ್ಸರ್‌ಗಳನ್ನು ತಂತಿಯಿಲ್ಲದೆ ಕಂಪ್ಯೂಟರ್‌ಗೆ ಜೋಡಿಸಲು ಒಂದು ಜಿಗ್‌ಬೀ ಡಾಂಗಲ್, ಅಂದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೊ, ಬೇಕಿತ್ತು. ಹುಡುಕಿದರೆ ಸಿಸಿ2652ಪಿ, ಇಎಫ್‌ಆರ್32ಎಂಜಿ21 ಅಂತ ಬರೀ ಚಿಪ್ ಹೆಸರು. ಎಷ್ಟು ಸಾಧನ ಸೇರಿಸಬಹುದು, ಯಾವ ಸಾಫ್ಟ್‌ವೇರ್ ಜೊತೆ ಕೆಲಸ ಮಾಡುತ್ತದೆ ಅನ್ನುವುದು ಎಲ್ಲೂ ಇಲ್ಲ. ವಾರಗಟ್ಟಲೆ ಓದಿ ಒಂದನ್ನು ಕೊಂಡೆ.

ಬಾಗಿಲ ಸೆನ್ಸರ್ ದಿನಕ್ಕೆ ನಾಲ್ಕು ಸಲ ಕಾಣೆ! ಸುಮ್ನೆ ಬ್ಯಾಟರಿ ಬದಲಿಸಿದೆ, ಮತ್ತೆ ಮತ್ತೆ ಪೇರ್ ಮಾಡಿದೆ. ಕೊನೆಗೆ ಗೊತ್ತಾಯಿತು, ಡಾಂಗಲ್ ಚುಚ್ಚಿದ್ದ ಯುಎಸ್‌ಬಿ 3.0 ಪೋರ್ಟ್‌ನದೇ ತಪ್ಪು. ಅದು 2.4 ಗಿಗಾಹರ್ಟ್ಸ್ ರೇಡಿಯೊ ತರಂಗಗಳಲ್ಲಿ ಗದ್ದಲ ಎಬ್ಬಿಸುತ್ತದೆ. ಜಿಗ್‌ಬೀ ಮಾತಾಡುವುದೂ ಅಲ್ಲೇ. ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಯುಎಸ್‌ಬಿ 2.0 ಪೋರ್ಟ್‌ಗೆ ಚುಚ್ಚಿದೆ. ಅವತ್ತಿಂದ ಸೆನ್ಸರ್ ಒಮ್ಮೆಯೂ ತಪ್ಪಿಸಿಕೊಂಡಿಲ್ಲ.

‘ಕೇಬಲ್ ಹಾಕಿ ಯುಎಸ್‌ಬಿ 2.0 ಪೋರ್ಟ್‌ಗೆ ಚುಚ್ಚಿ’ ಅಂತ ಡಬ್ಬಿ ಮೇಲೆ ಅಚ್ಚು ಹಾಕೋಕೆ ಎಷ್ಟು ಖರ್ಚಾಗುತ್ತದೆ? ಒಂದು ಕೇಬಲ್ಲನ್ನಾದರೂ ಜೊತೆಗೆ ಕೊಡಬಹುದಿತ್ತು, ಅಲ್ವಾ?