ಕಾಲು ಮೇಲೆ, ಕಾಟ ಕೆಳಗೆ

ಮೂರು ದಿನದಿಂದ ನನ್ನ ಕತ್ತು ಎಡಕ್ಕೆ ಮಾತ್ರ ತಿರುಗುತ್ತಿದೆ. ಬಲಗಡೆಯಿಂದ ಯಾರಾದರೂ ಕರೆದರೆ ಬಸ್ಸು ರಿವರ್ಸ್ ತಗೊಂಡ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕು. "ಸರ್ವಾಂಗಾಸನ ಹಾಕುವಾಗ ಹೀಗಾಯ್ತು" ಅಂದರೆ ಸಾಕು, "ಈ ವಯಸ್ಸಲ್ಲಿ ಬೇಕಿತ್ತಾ ಅದೆಲ್ಲ?" ಅಂತಾರೆ. ಆಸನದ್ದೇನೂ ತಪ್ಪಿಲ್ಲ. ತಪ್ಪು ರಿಮೋಟಿನ ಮುಚ್ಚಳದ್ದು.

ಟೀವಿ ರಿಮೋಟಿನ ಬೆನ್ನಿಗೆ ಇರುತ್ತಲ್ಲ, ಸೆಲ್ ಬೀಳದ ಹಾಗೆ ತಡೆಯೋ ಪ್ಲಾಸ್ಟಿಕ್ ತುಂಡು, ಅದು. ನಮ್ಮನೆಯದು ಕಳೆದು ಎರಡು ತಿಂಗಳು. ರಬ್ಬರ್ ಬ್ಯಾಂಡ್ ಸುತ್ತಿ ಕಾಲ ತಳ್ಳುತ್ತಿದ್ದೇವೆ. ನಿಮ್ಮನೆಯ ರಿಮೋಟಿಗೂ ಬ್ಯಾಂಡೋ ಟೇಪೋ ಇದ್ದೇ ಇರುತ್ತೆ, ಬಿಡಿ.

ನನಗೆ ಕಾಲು ಮೇಲೆ ಮಾಡೋ ಚಟ ಹತ್ತಿ ವರ್ಷವಾಗುತ್ತ ಬಂತು. ಯೋಗದ ಕ್ಲಾಸಿಗೆ ಸೇರಿದ ದಿನ ಮೇಷ್ಟ್ರು ಬಿಪಿ ಇದೆಯಾ, ಕಣ್ಣಿನ ತೊಂದರೆ ಇದೆಯಾ, ಕತ್ತಿನ ಮೂಳೆ ಸವೆದಿದೆಯಾ ಅಂತ ವಿಚಾರಿಸಿದ ರೀತಿಯಲ್ಲಿ ನನ್ನನ್ನು ಕೆಲಸಕ್ಕೆ ತಗೊಂಡವರೂ ವಿಚಾರಿಸಿರಲಿಲ್ಲ. ಕಾರಣ ಇದೆ. ಶೀರ್ಷಾಸನದಲ್ಲಿ ಕಣ್ಣೊಳಗಿನ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ಗ್ಲಾಕೋಮಾ ಇರುವವರು ಆ ದಿಕ್ಕಿಗೆ ತಲೆ ಹಾಕಿಯೂ ಮಲಗಬಾರದು. ನಾನು ಪಾಸಾದೆ. ಜೊತೆಗೆ ಬಂದಿದ್ದ ನಮ್ಮನೆಯವರು ಬಿಪಿಯಲ್ಲಿ ಫೇಲಾದರು. ತಾವು ಮಾಡೋ ಹಾಗಿಲ್ಲ ಅಂದಮೇಲೆ ಅವರಿಗೆ ಉಳಿದದ್ದು ಮೇಲ್ವಿಚಾರಣೆ.

"ಹೆಸರಿಗೆ ತಲೆ ಮೇಲೆ ನಿಲ್ಲೋದು ಅಷ್ಟೇ ಅಮ್ಮ, ಭಾರ ಹೊರಬೇಕಾದ್ದು ಮುಂಗೈ, ಭುಜ" ಅನ್ನೋದು ಮೇಷ್ಟ್ರ ನಿತ್ಯದ ಮಾತು. ಇದಕ್ಕೆ ನನ್ನ ಭುಜಗಳು ಒಪ್ಪಿಗೆ ಕೊಡೋ ಹೊತ್ತಿಗೆ ಐದು ತಿಂಗಳು ಕಳೆದಿತ್ತು. ಗೋಡೆಯ ಆಸರೆ ಈಗಲೂ ಬೇಕು. ಆದರೂ ನಿಂತಾಗ ಏನು ಸುಖ ಅಂತೀರಿ! ಮಿದುಳಿಗೆ ರಕ್ತ ನುಗ್ಗಿ ಬುದ್ಧಿ ಚುರುಕಾಗುತ್ತೆ ಅಂತ ಜನ ಹೇಳೋದು ನಂಬಬೇಡಿ. ಮಿದುಳು ತನಗೆಷ್ಟು ಬೇಕೋ ಅಷ್ಟೇ ರಕ್ತ ಒಳಗೆ ಬಿಟ್ಟುಕೊಳ್ಳುತ್ತೆ. ಮುಖ ಟೊಮೇಟೊ ಆಗೋದು, ವಾಪಸ್ ಹೋಗಬೇಕಾದ ರಕ್ತ ಅಲ್ಲೇ ತಂಗೋದರಿಂದ. ಆದರೆ ಕತ್ತಿನ ರಕ್ತನಾಳದಲ್ಲಿ ಒತ್ತಡ ಅಳೆಯೋ ಕಾವಲುಗಾರರಿದ್ದಾರೆ. ಒತ್ತಡ ಏರಿತು ಅಂತ ಅವರು ಸುದ್ದಿ ಮುಟ್ಟಿಸಿದ ಕೂಡಲೇ ಹೃದಯ ನಿಧಾನವಾಗುತ್ತೆ. ಮೈಮನಸ್ಸು ತಣ್ಣಗಾಗುತ್ತೆ.

ಹಾಗೆ ತಣ್ಣಗಾದ ಮೂರನೇ ಸೆಕೆಂಡಿಗೆ ಎರಡು ಪಾದ ಬಂದು ನನ್ನ ಮೂಗಿನ ಮುಂದೆ ನಿಲ್ಲುತ್ತವೆ.

ಮೊದಲ ಸಲ ಇದಾದದ್ದು ಚೆನ್ನಾಗಿ ನೆನಪಿದೆ. ಪಾದ ಆದಮೇಲೆ ಮಂಡಿ ಬಂತು. ಆಮೇಲೆ ನಿಧಾನಕ್ಕೆ ಮುಖ ಇಳಿದು ಬಂತು. ನನ್ನ ಮುಖಕ್ಕೆ ಸರಿಹೊಂದಲಿ ಅಂತ ಕತ್ತು ಓರೆ ಮಾಡಿ, ಜಾರುತ್ತಿದ್ದ ಕನ್ನಡಕ ಒಂದು ಕೈಯಲ್ಲಿ ಹಿಡಿದು, ಗುಟ್ಟು ಹೇಳುವವರ ಹಾಗೆ ಕೇಳಿದರು: "ಹೇಗೂ ಕೆಳಗಿದ್ದೀಯಲ್ಲ, ಸೋಫಾ ಅಡಿ ಮುಚ್ಚಳ ಏನಾದ್ರೂ ಕಾಣುತ್ತಾ ನೋಡೇ."

ಬೈಯೋಣ ಅಂದರೆ ತಲೆಕೆಳಗಾಗಿ ಬೈಯೋಕೆ ಉಸಿರು ಸಾಲದು. "ಊಹ್ಞೂಂ" ಅಂದೆ. ಆ ಊಹ್ಞೂಂ ಅವರಿಗೆ ಸಹಕಾರದ ಹಾಗೆ ಕೇಳಿಸಿತು. ಮಾರನೇ ದಿನ ನನ್ನ ಚಾಪೆ ಹಾಲಿನಿಂದ ರೂಮಿಗೆ ಹೋಗಿತ್ತು. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಅಂದರು. ಇಷ್ಟು ವರ್ಷದ ಮೇಲೆ ನನ್ನ ಗಾಳಿ ಬೆಳಕಿನ ಚಿಂತೆ ಮಾಡಿದರಲ್ಲ ಅಂತ ಕರಗಿಹೋದೆ. ಕಾಲು ಮೇಲೇರಿಸಿದ ಮೇಲೆ ಗೊತ್ತಾಯಿತು, ಎದುರಿಗಿದ್ದದ್ದು ಮಂಚದ ಅಡಿಭಾಗ. ಅದರ ಮಾರನೇ ದಿನ ಫ್ರಿಜ್ಜಿನ ಎದುರು. "ಒಂದ್ನಿಮಿಷ ಹಾಗೇ ಇರು, ಟಾರ್ಚ್ ಬಿಡ್ತೀನಿ." ವಾರದಲ್ಲಿ ಇಡೀ ಮನೆಯ ಸರ್ವೆ ಮುಗಿಯಿತು. ಸಿಕ್ಕಿದ್ದು: ಒಂಟಿ ಕಾಲುಚೀಲ, ಪೆನ್ನಿನ ಕ್ಯಾಪು, ನಾನು ಯಾರೋ ಕದ್ದರು ಅಂದುಕೊಂಡಿದ್ದ ಕತ್ತರಿ.

ನೆಹರೂ ಅವರಿಗೂ ಶೀರ್ಷಾಸನ ಪ್ರಿಯವಾಗಿತ್ತಂತೆ, ಜೈಲಿನಲ್ಲೂ ಬಿಟ್ಟಿರಲಿಲ್ಲ. ಆ ಭಂಗಿಯೇ ತಮಾಷೆಯಾಗಿರೋದರಿಂದ ಬದುಕಿನ ಏರುಪೇರನ್ನು ಸಹಿಸಿಕೊಳ್ಳೋದು ಸುಲಭವಾಗುತ್ತೆ ಅನ್ನೋ ಅರ್ಥದಲ್ಲಿ 1936ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಜೈಲಿನಲ್ಲಿ ಅವರನ್ನು ಯಾರೂ ಮುಚ್ಚಳ ಹುಡುಕು ಅಂದಿರಲಿಕ್ಕಿಲ್ಲ.

15ನೇ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಹೇಳಿರೋ ಪ್ರಕಾರ, ತಲೆ ಕೆಳಗೆ ಕಾಲು ಮೇಲೆ ಮಾಡೋ ವಿಪರೀತ ಕರಣಿಯನ್ನು ಮೊದಲ ದಿನ ಒಂದು ಕ್ಷಣ ಮಾತ್ರ ಮಾಡಬೇಕು, ದಿನದಿನಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸಬೇಕು. ಆರು ತಿಂಗಳಾದ ಮೇಲೆ ಸುಕ್ಕು, ನರೆ ಎರಡೂ ಮಾಯ. ನನಗೆ ಇವೆರಡೂ ಇನ್ನೂ ಉಂಟು. ಆದರೆ ಅದೇ ಕಡೆ ಇನ್ನೊಂದು ಮಾತಿದೆ: ಈ ಅಭ್ಯಾಸದಿಂದ ಜಠರಾಗ್ನಿ ಹೆಚ್ಚುತ್ತೆ, ಆದ್ದರಿಂದ ಹೊಟ್ಟೆ ತುಂಬ ಊಟ ಸಿದ್ಧವಿರಬೇಕು, ಕಡಿಮೆ ತಿಂದರೆ ಆ ಅಗ್ನಿ ಮೈಯನ್ನೇ ಸುಡುತ್ತೆ. ಈ ಒಂದು ಸೂಚನೆಯನ್ನು ಮಾತ್ರ ನಾನು ಒಂದು ದಿನವೂ ಮೀರಿಲ್ಲ.

ಸರಿ, ಮೂರು ದಿನದ ಹಿಂದಿನ ಮಾತು. ಭುಜದ ಕೆಳಗೆ ಮಡಿಸಿದ ಕಂಬಳಿ ಹಾಕಿ, ಸರ್ವಾಂಗಾಸನದಲ್ಲಿ ಕಾಲು ನೆಟ್ಟಗೆ ನಿಲ್ಲಿಸಿ, ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಇದರಲ್ಲಿ ಕತ್ತು ಪೂರ್ತಿ ಮಡಿಸಿಕೊಂಡಿರುತ್ತೆ, ಅತ್ತಿತ್ತ ತಿರುಗಿಸಲೇಕೂಡದು ಅನ್ನೋದು ಮೊದಲ ಪಾಠ. ಅಷ್ಟರಲ್ಲಿ ಬಲಗಡೆಯಿಂದ ಕೂಗು: "ಲೇ, ಸಿಕ್ತು! ಬೀರು ಕೆಳಗೆ, ಕಪ್ಪಗೆ, ನೋಡು ನೋಡು!"

ಎರಡು ತಿಂಗಳ ಹುಡುಕಾಟ. ನಾನೂ ಮನುಷ್ಯಳೇ. ತಿರುಗಿದೆ.

ಕಟಕ್.

ಅದು ಮುಚ್ಚಳವಲ್ಲ, ಸತ್ತ ಜಿರಳೆ. ಅದೂ ಕಾಲು ಮೇಲೆ ಮಾಡಿಕೊಂಡೇ ಮಲಗಿತ್ತು.

ಒಂದೊಂದೇ ಮೂಳೆ ಊರುತ್ತ ಇಳಿಯಬೇಕಾದವಳು ಗೋಣಿಚೀಲದ ಹಾಗೆ ಧೊಪ್ಪನೆ ಬಿದ್ದೆ. ಸ್ನಾಯು ಉಳುಕಿದೆ, ಎರಡು ವಾರ ತಲೆಕೆಳಗಾಗೋದು ಬೇಡ ಅಂದರು ಡಾಕ್ಟರು. ಬೇಕಾದರೆ ಬೆನ್ನು ನೆಲಕ್ಕಿಟ್ಟು ಕಾಲನ್ನು ಗೋಡೆಗೆ ಒರಗಿಸಿ ಮಲಗಬಹುದು, ಅಷ್ಟೇ.

ಇವತ್ತು ಬೆಳಿಗ್ಗೆ ಹಾಗೇ ಮಲಗಿದ್ದೆ. ಚಿಕ್ಕವಳಿದ್ದಾಗ ಮಂಚದ ಅಂಚಿನಿಂದ ತಲೆ ಇಳಿಬಿಟ್ಟು ಗಂಟೆಗಟ್ಟಲೆ ಸೂರು ನೋಡುತ್ತಿದ್ದೆ. ಅದೇ ನೆಲ ಅಂದುಕೊಂಡರೆ ಎಷ್ಟು ಚೊಕ್ಕ ಮನೆ! ಒಂದು ಸಾಮಾನಿಲ್ಲ. ನಡುವೆ ಗಿಡದ ಹಾಗೆ ಎದ್ದು ನಿಂತ ಫ್ಯಾನು. ಬಾಗಿಲು ದಾಟಬೇಕಾದರೆ ಮೇಲಿನ ಗೋಡೆಯನ್ನು ಹತ್ತಿ ಇಳಿಯಬೇಕು. ಆ ಮನೆಯಲ್ಲಿ ನಾನೊಬ್ಬಳೇ ಓಡಾಡುತ್ತಿದ್ದೆ. "ಏಳೇ, ರಕ್ತ ತಲೆಗೇರುತ್ತೆ" ಅಂತ ಅಮ್ಮ ಕೂಗೋವರೆಗೂ. ಈಗ ಅದೇ ಸೂರಲ್ಲಿ ಕಂಡದ್ದು ಎರಡು ಕಡೆ ಜೇಡರ ಬಲೆ, ಫ್ಯಾನಿನ ರೆಕ್ಕೆಗೆ ಕಟ್ಟಿದ ಧೂಳು.

ಪಕ್ಕದಲ್ಲಿ ಏನೋ ದಪ್ಪನೆ ಸದ್ದಾಯಿತು. ನಮ್ಮನೆಯವರು. ಗೋಡೆಗೆ ಕಾಲೊರಗಿಸಲು ಅವರಿಗೂ ಡಾಕ್ಟರ ಅಪ್ಪಣೆಯಾಗಿದೆ. ಪಶ್ಚಾತ್ತಾಪ ಇರಬೇಕು, ಐದು ನಿಮಿಷ ತೆಪ್ಪಗೆ ಮಲಗಿದ್ದರು. ಆಮೇಲೆ ಪಿಸುಗುಟ್ಟಿದರು.

"ಲೇ, ಈ ಟೀಪಾಯಿ ಹಲಗೆಗೆ ಅಡಿಯಿಂದ ಒಂದು ಸಂದಿ ಇದೆ ನೋಡು. ಅದರಲ್ಲಿ ಸಿಕ್ಕಿಕೊಂಡಿದೆ ಮುಚ್ಚಳ! ಈ ಸಲ ಜಿರಳೆ ಅಲ್ಲ, ಆಣೆಗೂ. ನೋಡೇ, ನಿನ್ನ ಬಲಗಡೆ!"

ನಾನು ಎಡಕ್ಕೆ ತಿರುಗಿದೆ.