ಸ್ಪಷ್ಟನೆ: ಪುಸ್ತಕ ಕಲೆಗೆ ದನಿ ಮತ್ತು ದೇಹ ಬಂದದ್ದು ಚಿಪ್‌ಗಳಿಂದಲ್ಲ

ಸ್ತ್ರೀವಾದಿ ಪುಸ್ತಕ ಕಲೆಯಲ್ಲಿ (ಅಂದರೆ ಪುಸ್ತಕವನ್ನೇ ಕಲಾಕೃತಿಯಾಗಿ ರೂಪಿಸುವ ಕಲೆಯಲ್ಲಿ) ಧ್ವನಿ, ಭೂದೃಶ್ಯ ಮತ್ತು ದೇಹ ಒಂದುಗೂಡಿದ್ದು ಧ್ವನಿ ಚಿಪ್ ಹಾಗೂ ಕ್ಯೂಆರ್ ಕೋಡ್ ಬಂದ ನಂತರವೇ ಎಂಬ ಮಾತು ಹರಿದಾಡುತ್ತಿದ್ದು, ಅದು ಸರಿಯಲ್ಲ.

ಅಮೆರಿಕದ ಕಲಾವಿದೆ ಕ್ಯಾರೊಲೀ ಶ್ನೀಮನ್ 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಈಸ್ಟ್ ಹ್ಯಾಂಪ್ಟನ್‌ನಲ್ಲಿ ಪ್ರದರ್ಶಿಸಿದ ‘ಇಂಟೀರಿಯರ್ ಸ್ಕ್ರೋಲ್’ ಎಂಬ ಕೃತಿಯಲ್ಲಿ, ತಮ್ಮ ಯೋನಿಯಿಂದ ಕಾಗದದ ಸುರುಳಿಯೊಂದನ್ನು ಹೊರತೆಗೆಯುತ್ತ ಅದರಲ್ಲಿದ್ದ ಬರಹವನ್ನು ಗಟ್ಟಿಯಾಗಿ ಓದಿದರು. ಅಲ್ಲಿ ಪುಟ, ದನಿ, ದೇಹ ಮೂರನ್ನೂ ಬಿಡಿಸಿ ನೋಡುವುದೇ ಅಸಾಧ್ಯ. ಅದಕ್ಕೂ ಮೊದಲೇ, 1963ರಲ್ಲಿ, ಅಮೆರಿಕದ ಮತ್ತೊಬ್ಬ ಕಲಾವಿದೆ ಆಲಿಸನ್ ನೋಲ್ಸ್ ಅವರ ‘ಬೀನ್ ರೋಲ್ಸ್’ ತಗಡಿನ ಡಬ್ಬಿಯಲ್ಲಿ ಸಣ್ಣ ಸುರುಳಿಗಳನ್ನೂ ಒಣ ಕಾಳುಗಳನ್ನೂ ಹೊತ್ತು, ಅಲುಗಿಸಿದರೆ ಸದ್ದು ಮಾಡುವ ಪುಸ್ತಕವಾಗಿತ್ತು. ಅವರ ‘ದ ಬಿಗ್ ಬುಕ್’ (1967) ಸುಮಾರು 8 ಅಡಿ ಎತ್ತರವಿದ್ದು, ಓದುಗರು ಅದರೊಳಗೆ ಹೊಕ್ಕು ನಡೆಯಬೇಕಿತ್ತು. ಆದರೆ ನೋಲ್ಸ್ ‘ಫ್ಲಕ್ಸಸ್’ ಎಂಬ ಪ್ರಯೋಗಶೀಲ ಕಲಾವಿದರ ಬಳಗದವರಾದ್ದರಿಂದ, ಈ ಎರಡನ್ನೂ ಸ್ತ್ರೀವಾದಿ ಎಂದು ಸಲೀಸಾಗಿ ಕರೆಯುವುದು ಆತುರವೆನಿಸೀತು.

ಭೂದೃಶ್ಯದ ಉದಾಹರಣೆಯಾಗಿ ಹಲವರು ಹೆಸರಿಸುವ, ಕ್ಯೂಬಾ ಮೂಲದ ಅಮೆರಿಕದ ಕಲಾವಿದೆ ಆನಾ ಮೆಂಡಿಯೆಟಾ ಅವರ ‘ಸಿಲುಯೆಟಾ’ ಸರಣಿ 1973ರಲ್ಲಿ ಆರಂಭವಾಯಿತು. ಮಣ್ಣು, ಹುಲ್ಲು, ಬೆಂಕಿಗಳಲ್ಲಿ ದೇಹದ ಆಕೃತಿಯನ್ನು ಮೂಡಿಸಿದ ಆ ಕೆಲಸ ನಮಗೆ ಉಳಿದಿರುವುದು ಛಾಯಾಚಿತ್ರ ಮತ್ತು ಸೂಪರ್ 8 (ಸಣ್ಣ ಅಳತೆಯ ಫಿಲ್ಮ್) ಚಲನಚಿತ್ರಗಳಲ್ಲಿ. ಅದನ್ನು ಪುಸ್ತಕ ಕಲೆಯ ಪಟ್ಟಿಗೆ ಸೇರಿಸುವುದೂ ತಪ್ಪು.