ನೀರು ಬಂತಾ? ಶುಭೋದಯ!

ಗೊರೂರಿನ ಅಣೆಕಟ್ಟೆಯಲ್ಲಿ ನಿಂತ ಹೇಮಾವತಿ ನಾಲೆ ಹಿಡಿದು ಬುಗುಡನಹಳ್ಳಿ ಕೆರೆಗೆ ಬರುತ್ತದೆ. ಅಲ್ಲಿಂದ ಪಂಪಿಗೆ ಸಿಕ್ಕಿ, ಶುದ್ಧವಾಗಿ, ಓವರ್‌ಹೆಡ್ ಟ್ಯಾಂಕು ಹತ್ತಿ ಇಳಿದು, ತುಮಕೂರಿನ ಬಡಾವಣೆಯೊಂದರ ಮೂಲೆಯ ವಾಲ್ವ್‌ವರೆಗೂ ಹೇಗೋ ತಲುಪಿಬಿಡುತ್ತದೆ. ತಲುಪದಿರುವುದು ಒಂದೇ, ನೀರು ಬಂದಿದೆ ಎಂಬ ಸುದ್ದಿ. ವಾಲ್ವ್‌ನಿಂದ ಮನೆಗೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಗಾಗಿ ವಾಟ್ಸ್‌ಆ್ಯಪ್ ಗ್ರೂಪ್ ಹುಟ್ಟಿದೆ.

ಹಿಂದೆಲ್ಲ ನೀರು ಬಿಡುವವನು ಗೇಟು ತಟ್ಟಿ, ‘ನೀರು ಬಿಟ್ಟಿದೀನಮ್ಮೋ’ ಎಂದು ಕೂಗಿ ಹೋಗುತ್ತಿದ್ದ. ಬೀದಿಗೆ ಬೀದಿಯೇ ಎದ್ದು ಸಂಪಿನ ಮುಚ್ಚಳ ತೆಗೆಯುತ್ತಿತ್ತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಊರಿನಲ್ಲಿ ಹೀಗೆ ಬಾಯಿ ಬಿಟ್ಟು ಕೂಗುವುದು ಶೋಭಿಸುವುದಿಲ್ಲ.

ಗ್ರೂಪಿಗೆ ‘ನೀರು ಮಾಹಿತಿ ಮಾತ್ರ’ ಎಂದು ಹೆಸರಿಡಬೇಕು. ಹೆಸರಿನಲ್ಲಿ ‘ಮಾತ್ರ’ ಇದ್ದರೆ ಹದಿನೈದು ದಿನದೊಳಗೆ ಸಂತೆಯಾಗುವುದು ಖಚಿತ. ಜಾಗದ ಕೊರತೆ ಇಲ್ಲ. ಮೊದಲು ಒಂದು ಗ್ರೂಪಿಗೆ 256 ಜನ ಹಿಡಿಸುತ್ತಿದ್ದರು, ಆಮೇಲೆ 512, 2022ರಿಂದ 1,024. ನಲ್ಲಿ ಇರುವುದು ನೂರಿಪ್ಪತ್ತು ಮನೆಗೆ, ಅದು ಬೇರೆ ಮಾತು. ಉಳಿದ ಜಾಗವನ್ನು ಸೈಟು ಮಾರುವವರು, ಇನ್ಶೂರೆನ್ಸ್ ಏಜೆಂಟರು, ಮನೆ ಖಾಲಿ ಮಾಡಿ ಮೂರು ವರ್ಷವಾದ ಬಾಡಿಗೆಯವರು, ಮುಂದಿನ ಸಲ ವಾರ್ಡಿಗೆ ನಿಲ್ಲುವ ಆಸೆ ಇಟ್ಟುಕೊಂಡವರು ತುಂಬಿಕೊಡುತ್ತಾರೆ. ಇಲ್ಲದವನು ಒಬ್ಬನೇ, ನೀರು ಬಿಡುವವನು. ಅವನದು ಬಟನ್ ಫೋನು.

ಆದ್ದರಿಂದ ಅವನು ಅಡ್ಮಿನ್‌ಗೆ ಫೋನ್ ಮಾಡಬೇಕು, ಅಡ್ಮಿನ್ ಟೈಪ್ ಮಾಡಬೇಕು. ಕನ್ನಡ ಕೀಬೋರ್ಡ್ ಫೋನಿನಲ್ಲೇ ಇದೆ, ಒಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಸೇರಿಸಿದರೆ ಆಯಿತು. ಅಷ್ಟು ಕಷ್ಟ ಯಾರು ಪಡುತ್ತಾರೆ? ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಾರೆ. ಎಚ್, ಎ, ಎಲ್, ಯು ಎಂದು ಬರೆದದ್ದು ಹಾಲೋ ಹಾಳೋ ಗೊತ್ತಾಗುವುದಿಲ್ಲ. ‘ಮೋಟರ್ ಹಾಳು, ಇವತ್ತು ಇಲ್ಲ’ ಎಂಬ ಸಂದೇಶಕ್ಕೆ ‘ನಮ್ಮ ಮನೆಗೆ ಎರಡು ಪ್ಯಾಕೆಟ್ ಬಂತಲ್ಲ’ ಎಂದು ಉತ್ತರ ಬರುತ್ತದೆ. ಇದಕ್ಕೆ ಪರಿಹಾರವೆಂದು ಕೆಲವರು ವಾಯ್ಸ್ ಮೆಸೇಜ್ ಹಾಕುತ್ತಾರೆ. ಅದರಲ್ಲಿ ಮೊದಲ ನಲವತ್ತು ಸೆಕೆಂಡು ‘ಹಲೋ... ಎಲ್ಲರಿಗೂ ನಮಸ್ಕಾರ... ಕೇಳಿಸ್ತಾ ಇದೆಯಾ’ ಇರುತ್ತದೆ. ಕೇಳಿಸುತ್ತಿದೆಯೋ ಇಲ್ಲವೋ ಹೇಳಲು ಆ ಕಡೆ ಯಾರೂ ಇಲ್ಲ. ಎರಡು ಪಟ್ಟು ವೇಗದ ಗುಂಡಿ ಇದೆ, ಬಳಸಿ.

ಇನ್ನು ಶುಭೋದಯ. ಇದೇ ಗ್ರೂಪಿನ ಹೃದಯಭಾಗ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹಬೆಯಿಂದ ಇಳಿಯುವ ಮುಂಚೆಯೇ ಗುಲಾಬಿಗಳು ಇಳಿಯಲು ಶುರು. ಗುಲಾಬಿ, ಆವಿಯೇಳುವ ಲೋಟ, ಒಬ್ಬ ದೇವರು, ಕೆಳಗೆ ಒಂದು ಹಿತವಚನ. ಆ ವಚನ ವಿವೇಕಾನಂದರದ್ದೋ ಅಬ್ದುಲ್ ಕಲಾಂ ಅವರದ್ದೋ ಎಂಬುದು ಚಿತ್ರ ಮಾಡಿದವನ ಹತ್ತಿರ ಆ ಹೊತ್ತು ಯಾರ ಫೋಟೊ ಇತ್ತು ಎಂಬುದರ ಮೇಲೆ ನಿಂತಿದೆ. ಒಂದು ಚಿತ್ರ 150 ಕೆಬಿ ಎಂದಿಟ್ಟುಕೊಳ್ಳಿ. ದಿನಕ್ಕೆ ಅರವತ್ತು ಬಂದರೆ 9 ಎಂಬಿ, ವರ್ಷಕ್ಕೆ ಮೂರು ಜಿಬಿಗೂ ಮೇಲೆ. ಸಂಪು ತುಂಬದಿದ್ದರೂ ಫೋನು ತುಂಬಿತು. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಒತ್ತಿ, ಮೀಡಿಯಾ ಆಟೊ ಡೌನ್‌ಲೋಡ್‌ನಲ್ಲಿ ಫೋಟೊ ಮುಂದಿನ ಗುರುತು ತೆಗೆದರೆ ಇದು ನಿಲ್ಲುತ್ತದೆ. ಆಗ ಚಿತ್ರಗಳೆಲ್ಲ ಮಬ್ಬಾಗಿ ಕಾಣುತ್ತವೆ. ಕೆಲವು ಮಬ್ಬಾಗಿದ್ದಾಗಲೇ ಚೆಂದ.

ಫಾರ್ವರ್ಡ್ ವಿದ್ಯೆಗೆ ಸ್ವಲ್ಪ ಶಾಸ್ತ್ರ ತಿಳಿದಿರಬೇಕು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಓಡಾಡಿ, ನಮ್ಮ ಬೀದರ್ ಜಿಲ್ಲೆಯೂ ಸೇರಿ ಹಲವು ಕಡೆ ಅಮಾಯಕರನ್ನು ಜನ ಹೊಡೆದು ಕೊಂದರು. ಆ ವರ್ಷವೇ ಕಂಪನಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಎಂದು ಮಿತಿ ಹಾಕಿತು. 2019ರಿಂದ, ಐದು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು. 2020ರಿಂದ ಅದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಜೋಡಿ ಬಾಣ ಅಂದರೆ ‘ಎಲ್ಲಿಂದ ಬಂತೋ ಯೋಚಿಸು’ ಎಂದು ಅರ್ಥ. ಗ್ರೂಪಿನ ಪಂಡಿತರು ಅದನ್ನು ‘ಇಷ್ಟು ಜನ ಕಳಿಸಿದ್ದಾರೆ ಅಂದಮೇಲೆ ನಿಜವೇ’ ಎಂದು ಓದಿಕೊಂಡಿದ್ದಾರೆ. ಇನ್ನೂ ನುರಿತವರು ಪಠ್ಯವನ್ನು ಕಾಪಿ ಮಾಡಿ ಹೊಸದಾಗಿ ಅಂಟಿಸುತ್ತಾರೆ. ಬಾಣ ಮಾಯ, ಸುಳ್ಳಿಗೆ ಮರುಜನ್ಮ. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠ ಎಂದು ಯುನೆಸ್ಕೊ ಘೋಷಿಸಿದ ಸುದ್ದಿ ಇಮೇಲ್ ಕಾಲದಿಂದ ಹೀಗೇ ಬದುಕಿದೆ. ಅಂಥ ಘೋಷಣೆ ಮಾಡಿಲ್ಲವೆಂದು ಯುನೆಸ್ಕೊ ಹೇಳಿದ್ದು ಮಾತ್ರ ಯಾವ ಗ್ರೂಪಿಗೂ ಫಾರ್ವರ್ಡ್ ಆಗಲಿಲ್ಲ.

ಹುಟ್ಟುಹಬ್ಬ ಮತ್ತು ಸಾವು ಒಂದೇ ದಿನ ಬಂದರೆ ಎಚ್ಚರ. ಸಂದೇಶವನ್ನು ಬೆರಳಿನಿಂದ ಬಲಕ್ಕೆ ಎಳೆದು ಬರೆದರೆ ಉತ್ತರ ಅದಕ್ಕೇ ಅಂಟುತ್ತದೆ. ಎಳೆಯದೆ ಬರೆದರೆ ಬರೆದದ್ದು ಕೊನೆಯ ಸಂದೇಶದ ಕೆಳಗೆ ಬೀಳುತ್ತದೆ. ಹೀಗಾಗಿ ಮೂರನೇ ಕ್ರಾಸಿನ ಅಜ್ಜಿ ತೀರಿಕೊಂಡ ಸುದ್ದಿಯಡಿ ‘ಇಂಥ ದಿನ ನೂರು ಬರಲಿ’ ಎಂದೂ, ಎರಡು ವರ್ಷದ ಕೂಸಿನ ಫೋಟೊ ಕೆಳಗೆ ‘ಓಂ ಶಾಂತಿ’ ಎಂದೂ ಬಿದ್ದಿರುತ್ತದೆ. ತಪ್ಪಾದದ್ದನ್ನು ಎಲ್ಲರ ಫೋನಿನಿಂದಲೂ ಅಳಿಸಲು ಸುಮಾರು ಎರಡೂವರೆ ದಿನ ಕಾಲಾವಕಾಶವಿದೆ. ಅಳಿಸಿದರೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಉಳಿಯುತ್ತದೆ. ಆಮೇಲೆ ಇಡೀ ದಿನ ‘ಏನ್ ಡಿಲೀಟ್ ಮಾಡಿದ್ರಿ ಸಾರ್?’

ರೋಸಿಹೋದವರು ಗ್ರೂಪ್ ಬಿಡಬಹುದು. 2022ರಿಂದ ಬಿಟ್ಟದ್ದು ಅಡ್ಮಿನ್‌ಗಷ್ಟೇ ಗೊತ್ತಾಗುತ್ತದೆ ಎನ್ನುತ್ತಾರೆ. ಅಡ್ಮಿನ್‌ಗೆ ಗೊತ್ತಾದರೆ ಕಾಕಾ ಅಂಗಡಿಗೆ ಗೊತ್ತಾಯಿತು, ಅಂಗಡಿಗೆ ಗೊತ್ತಾದರೆ ಊರಿಗೇ. ಸಾಲದ್ದಕ್ಕೆ ಅರವತ್ತು ದಿನದವರೆಗೆ ಬಿಟ್ಟುಹೋದವರ ಪಟ್ಟಿಯಲ್ಲಿ ಹೆಸರಿರುತ್ತದೆ.

ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗ್ರೂಪ್ ಪರ್ಮಿಷನ್ಸ್‌ನಲ್ಲಿ ಬದಲಾಯಿಸುವ ಸೌಕರ್ಯ 2018ರಿಂದಲೇ ಇದೆ. ಒಂದು ಗುಂಡಿಯ ಕೆಲಸ. ಬದಲಾಯಿಸಿದ ಸಂಜೆಯೇ ‘ನಮ್ಮ ಬಾಯಿ ಮುಚ್ಚಿಸಿದ್ದೇಕೆ’ ಎಂದು ಅಡ್ಮಿನ್ ಮನೆ ಬಾಗಿಲಲ್ಲಿ ಒಂಬತ್ತು ಜನ. ಅವರನ್ನೂ ಅಡ್ಮಿನ್ ಮಾಡಿದ ಮೇಲೆಯೇ ಕಾಫಿ. ಈಗ ಹತ್ತು ಜನ ಅಡ್ಮಿನ್‌ಗಳು, ಹತ್ತು ಗುಲಾಬಿ.

ಬೆಳಿಗ್ಗೆ 5.40ಕ್ಕೆ ನೀರು ಬಿಟ್ಟಿದ್ದಾರೆ ಎಂಬ ಸಾಲು ಬಿದ್ದದ್ದು ಇವುಗಳ ನಡುವೆಯೇ. ಒಂಬತ್ತಕ್ಕೆ ಒಬ್ಬರು ‘ನೀರು ಬಂತಾ?’ ಎನ್ನುತ್ತಾರೆ. ಅದಕ್ಕೆ ನಾಲ್ಕು ಹೆಬ್ಬೆಟ್ಟು, ಒಂದು ಕೈಮುಗಿತ, ಒಂದು ‘ಶುಭೋದಯ ಸಾರ್’, ಕೊನೆಗೆ ಟ್ಯಾಂಕರ್‌ನವನ ನಂಬರು.

ಹಳೆಯ ಉಪಾಯವೊಂದು ಈಗಲೂ ನಡೆಯುತ್ತದೆ. ರಾತ್ರಿ ಮಲಗುವಾಗ ಬೀದಿ ನಲ್ಲಿಯಿಂದ ಬರುವ ಪೈಪಿನ ತಿರುಪು ಬಿಚ್ಚಿಟ್ಟು, ಅಡಿಯಲ್ಲಿ ಖಾಲಿ ಸ್ಟೀಲ್ ಬಕೆಟ್ ಇಡಬೇಕು. ಪ್ಲಾಸ್ಟಿಕ್ ಆಗದು, ಸದ್ದು ಬರುವುದಿಲ್ಲ. ಮೊದಲು ಪೈಪಿನಲ್ಲಿದ್ದ ಗಾಳಿ ಬುಸುಗುಟ್ಟುತ್ತದೆ, ಆಮೇಲೆ ಧಾರೆ ತಳಕ್ಕೆ ಬಡಿದು ಇಡೀ ಮನೆ ಏಳುತ್ತದೆ. ಆ ಸದ್ದನ್ನು ವಿಡಿಯೊ ಮಾಡಿ ಗ್ರೂಪಿಗೆ ಹಾಕಿದವರೂ ಇದ್ದಾರೆ. ಹದಿನೇಳು ಜನ ಕೈಮುಗಿದರು, ಒಬ್ಬರು ‘ಬಕೆಟ್ ಎಲ್ಲಿ ತಗೊಂಡ್ರಿ, ರೇಟೆಷ್ಟು’ ಎಂದರು. ಸಂಪಿನ ಮುಚ್ಚಳ ತೆಗೆಯಲು ಯಾರೂ ಏಳಲಿಲ್ಲ.